ಅದು ಬೆನ್ನುನೋವಾಗಿರಲಿಲ್ಲ: ನಮ್ಮ ಸಭೆಗಳಿಗೆ ಒಂದು ಬಹಿರಂಗ ಪತ್ರ

ಮಂಗಳೂರು, ಉಡುಪಿಯ ಬಿಷಪರಿಗೆ, ಸಭಾಪಾಲನಾ ಸಮಿತಿಗಳ ಸದಸ್ಯರಿಗೆ, ಮತ್ತು ಪ್ರತಿ ಆದಿತ್ಯವಾರ ಬೆಂಚಿನಲ್ಲಿ ಕೂರುವ ನಮ್ಮೆಲ್ಲರಿಗೆ,

ವಂದನೆಗಳು. ನಮ್ಮ ಸಭೆಗಳಲ್ಲಿ, ಅಂದರೆ ನಮ್ಮ ಚರ್ಚುಗಳಲ್ಲಿ, ಕೆಲಸ ಮಾಡುವವರ ವಿಶ್ರಾಂತಿಯ ಬಗ್ಗೆ ಈ ಪತ್ರ.

ನಾನು ಪಾಸ್ಟರ್ ಒಬ್ಬರ ಮಗಳು. ಆರು ವರ್ಷ ನಮ್ಮ ಸಭೆಯ ಕಾರ್ಯದರ್ಶಿಯಾಗಿಯೂ ಇದ್ದೆ. ಆಗ ನಮ್ಮಲ್ಲಿದ್ದ ಪಾಸ್ಟರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅಯ್ಯನವರ ವಾರದ ಕೆಲಸದ ಪಟ್ಟಿ ಬರೆಯುತ್ತಿದ್ದದ್ದು ನಾನೇ. ಯಾರ ಮನೆಯಲ್ಲಿ ಕೂಟ, ಯಾರ ಮನೆಯ ಗೃಹಪ್ರವೇಶ, ಯಾರಿಗೆ ನಾಳೆ ಆಪರೇಷನ್, ಎಲ್ಲ ಆ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಖಾಲಿ ಜಾಗ ಕಂಡರೆ ತುಂಬಿಸುವುದು ನನ್ನ ಅಭ್ಯಾಸ. ಈ ಪತ್ರ ಬರೆಯುವ ಹಕ್ಕು ನನಗೆ ಬಂದದ್ದು ಅಲ್ಲಿಂದಲೇ, ಜವಾಬ್ದಾರಿಯೂ ಅಲ್ಲಿಂದಲೇ.

ಕೆಲವು ವರ್ಷಗಳ ಹಿಂದಿನ ಒಂದು ಶುಭ ಶುಕ್ರವಾರ. ಆ ವಾರ ಸಭೆಯಲ್ಲಿ ಎರಡು ಸಾವು ಆಗಿತ್ತು. ಗರಿಗಳ ಭಾನುವಾರದಿಂದ ದಿನವೂ ಸಂಜೆ ಕೂಟ. ಮಧ್ಯೆ ಲೆಕ್ಕಪತ್ರದ ತಗಾದೆಯೊಂದು. ಆರಾಧನೆ ಶುರುವಾಗಲು ಐದು ನಿಮಿಷ ಇದ್ದಾಗ ನಾನು ವೆಸ್ಟ್ರಿಯ, ಅಂದರೆ ಪಾಸ್ಟರ್ ನಿಲುವಂಗಿ ಹಾಕಿಕೊಳ್ಳುವ ಕೋಣೆಯ, ಬಾಗಿಲು ತಟ್ಟಿದೆ. ಅಯ್ಯನವರು ಕುರ್ಚಿಯಲ್ಲಿ ಕೂತಿದ್ದರು. ಬಿಳಿ ನಿಲುವಂಗಿ ಹಾಕಿಕೊಂಡಿದ್ದರು, ಆದರೆ ಮೇಲಿನಿಂದ ಮೂರನೇ ಗುಂಡಿಯಿಂದ ಕೆಳಗೆ ಯಾವುದನ್ನೂ ಹಾಕಿರಲಿಲ್ಲ. ಬೆರಳು ಗುಂಡಿಯನ್ನು ಹಿಡಿಯುತ್ತಿತ್ತು, ತೂತಿನ ಹತ್ತಿರ ಒಯ್ಯುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ಮತ್ತೆ ಹಿಡಿಯುತ್ತಿತ್ತು. ನನ್ನನ್ನು ನೋಡಿ, "ಇದು ಆಗ್ತಾ ಇಲ್ಲ" ಎಂದರು. ಸಣ್ಣ ಮಕ್ಕಳು ಹೇಳುವ ಹಾಗೆ.

ನಾನು ಬಗ್ಗಿ ಒಂದೊಂದೇ ಗುಂಡಿ ಹಾಕಿದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಕ್ವಾಯರಿನವರು ಎದ್ದು ನಿಂತಾಗಿದೆ, ಹೊತ್ತಾಯಿತು. ಅವರನ್ನು ಹೊರಗೆ ಕಳಿಸಿದೆ. ಮೂರು ಗಂಟೆ ಹೊತ್ತಿನ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ವಾಕ್ಯಗಳ ಮೇಲೆ ಅವರು ಮಾತಾಡಿದರು. ಎಲ್ಲರೂ ಕಣ್ಣು ಒರೆಸಿಕೊಂಡರು. ಮೆಟ್ಟಿಲ ಹತ್ತಿರ ಎಂದಿನ ಹಾಗೆ ಕೈ ಹಿಡಿದು "ಎಂಚ ಉಲ್ಲರ್ ಅಯ್ಯನವರೇ", ಹೇಗಿದ್ದೀರಿ ಎಂದು ತುಳುವಿನಲ್ಲಿ ಕೇಳಿದರು. "ಉಷಾರ್ ಉಲ್ಲೆ", ಚೆನ್ನಾಗಿದ್ದೇನೆ ಎಂದು ಅವರೂ ಹೇಳಿದರು.

ಎರಡು ವಾರ ಬಿಟ್ಟು ಒಂದು ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು. "ಇವರು ಏಳ್ತಾ ಇಲ್ಲ. ಜ್ವರ ಇಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದಾರೆ. ಮನೆಯ ಮಾಡು ನೋಡ್ತಾ ಇದ್ದಾರೆ."

ಸಮಿತಿ ತುರ್ತಾಗಿ ಸೇರಿತು. ಒಂದೂವರೆ ತಿಂಗಳು ರಜೆ ಕೊಡುವುದು ಎಂದಾಯಿತು. ಕಾರಣ ಏನು ಹೇಳುವುದು? ಒಬ್ಬರು "ಬೆನ್ನುನೋವು" ಎಂದರು. ಎಲ್ಲರಿಗೂ ಸಮಾಧಾನವಾಯಿತು. ನಡಾವಳಿ ಪುಸ್ತಕದಲ್ಲಿ ಹಾಗೇ ಬರೆದದ್ದು ನನ್ನ ಕೈ. ಮುಂದಿನ ಆದಿತ್ಯವಾರ ಅದನ್ನೇ ಓದಿ ಹೇಳಿದ್ದೂ ನಾನು. ನಮ್ಮ ಜನ ಒಳ್ಳೆಯವರು. ಒಬ್ಬರಾದ ಮೇಲೆ ಒಬ್ಬರು ಪಾರ್ಸೊನೇಜಿಗೆ, ಅಂದರೆ ಸಭೆ ಪಾಸ್ಟರಿಗೆ ಕೊಟ್ಟ ಮನೆಗೆ, ಹೋದರು, ಬೆನ್ನಿಗೆ ಹಚ್ಚಲು ಎಣ್ಣೆ ತೆಗೆದುಕೊಂಡು. ಒಂದು ತಿಂಗಳಲ್ಲಿ ಕಿಟಕಿಯ ದಂಡೆಯ ಮೇಲೆ ಏಳು ಬಾಟಲಿ ಸಾಲಾಗಿ ನಿಂತವು. ಒಂದರ ಮುಚ್ಚಳವನ್ನೂ ತೆರೆದಿರಲಿಲ್ಲ. ಅಷ್ಟು ಪ್ರೀತಿ ಮನೆ ಬಾಗಿಲಿಗೆ ಬಂದರೂ ಆ ಮನುಷ್ಯನಿಗೆ ತಲುಪಲಿಲ್ಲ. ಯಾಕೆಂದರೆ ಕಾಯಿಲೆಯ ಹೆಸರನ್ನೇ ನಾವು ಬದಲಾಯಿಸಿದ್ದೆವು.

ಅವರು ಈಗ ಚೆನ್ನಾಗಿದ್ದಾರೆ, ಬೇರೆ ಊರಲ್ಲಿದ್ದಾರೆ. ಇದನ್ನು ಓದಿ, "ಬರೆಯಿರಿ, ಆದರೆ ಹೆಸರು ಬೇಡ" ಎಂದ ಮೇಲೆಯೇ ಬರೆದಿದ್ದೇನೆ.

ನಾನು ಕೇಳುತ್ತಿರುವುದು ಒಂದೇ. ಸಭೆಯ ಕೆಲಸ ಮಾಡುವವರಿಗೆ ವಿಶ್ರಾಂತಿ ಕೊಡುವುದನ್ನು ನಾವು ಉಪಕಾರ ಎಂದುಕೊಂಡಿದ್ದೇವೆ. ಅದು ಉಪಕಾರ ಅಲ್ಲ. ಅದು ಅವರಿಗೆ ಸಲ್ಲಬೇಕಾದ್ದು. ನಾವು ತಡೆಹಿಡಿದುಕೊಂಡಿದ್ದೇವೆ.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಅಂಥವು ನೇತ್ರಾವತಿಯ ದಂಡೆಯಲ್ಲಿ ಸಾಲು ಸಾಲಾಗಿ ಬಂದವು. ಅಜ್ಜನದು ಮಣ್ಣು ಹೊರುವ ಕೆಲಸ. ಸುಲಭದ್ದಲ್ಲ. ಆದರೆ ಆದಿತ್ಯವಾರ ಅವರು ಬಿಳಿ ಅಂಗಿ ಹಾಕಿ ಚರ್ಚಿಗೆ ಹೋಗುತ್ತಿದ್ದರು, ಮಧ್ಯಾಹ್ನ ಊಟ ಮಾಡಿ ಚಾವಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು. ಅವರ ಮಗ, ಅಂದರೆ ನನ್ನ ಅಪ್ಪ, ಓದಿ ಪಾಸ್ಟರ್ ಆದರು. ಮನೆತನಕ್ಕೆ ದೊಡ್ಡ ಹೆಮ್ಮೆ. ಆದರೆ ಆ ಚಾಪೆ ಅಪ್ಪನಿಗೆ ಸಿಗಲಿಲ್ಲ. ಮಣ್ಣು ಹೊತ್ತವರಿಗೆ ವಾರಕ್ಕೊಂದು ದಿನ ಇತ್ತು, ದೇವರ ವಾಕ್ಯ ಹೊತ್ತವರಿಗೆ ಇರಲಿಲ್ಲ. ಇವತ್ತು ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೂ ವಾರದ ರಜೆ ಕಾನೂನಿನಲ್ಲೇ ಉಂಟು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಪಾರ್ಸೊನೇಜಿನ ಗೋಡೆಯಲ್ಲಿ ಅಂಥ ಕಾಗದ ಯಾವುದೂ ಇಲ್ಲ.

ಹತ್ತು ಆಜ್ಞೆಗಳು ಬೈಬಲಿನಲ್ಲಿ ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿಯ ದಿನಕ್ಕೆ, ಕೊಟ್ಟ ಕಾರಣ, ದೇವರು ಏಳನೇ ದಿನ ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಕಾರಣ ಬೇರೆ. ನೀವು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿದ್ದಿರಿ, ಅದನ್ನು ನೆನಪಿಡಿ. ನಿಮ್ಮ ಆಳುಗಳಿಗೂ ನಿಮ್ಮ ಹಾಗೆಯೇ ವಿಶ್ರಾಂತಿ ಸಿಗಲಿ ಎಂದು. ಎತ್ತು, ಕತ್ತೆಯನ್ನೂ ಅಲ್ಲಿ ಬಿಟ್ಟಿಲ್ಲ. ವಿಶ್ರಾಂತಿ ಮತ್ತು ನ್ಯಾಯ ಒಂದೇ ಆಜ್ಞೆಯಲ್ಲಿ ಇವೆ. ನಾನು ಸಂಡೇ ಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡವಳು. ಅರ್ಥವಾದದ್ದು ಆ ವೆಸ್ಟ್ರಿಯ ನಂತರ.

ಅರ್ಥವಾದ ಮೇಲೆ ನೋಡಿದೆ, ವಿಶ್ರಾಂತಿ ಇಲ್ಲದವರು ಅಯ್ಯನವರೊಬ್ಬರೇ ಅಲ್ಲ. ನಮ್ಮ ಚರ್ಚಿನ ಗಂಟೆ ಬಾರಿಸುವವರನ್ನು ತೆಗೆದುಕೊಳ್ಳಿ. ಆದಿತ್ಯವಾರ ಬೆಳಿಗ್ಗೆ ಐದಕ್ಕೆ ಬಂದು ಗುಡಿಸುತ್ತಾರೆ. ಬೆಂಚು ಒರೆಸುತ್ತಾರೆ. ಮಳೆಗಾಲದಲ್ಲಿ ಬಾಗಿಲ ಬಳಿ ಗೋಣಿ ಹಾಸುತ್ತಾರೆ, ನಾವೆಲ್ಲ ಕೊಡೆ ಕೊಡವಿ ಒಳಗೆ ಹೋದ ಮೇಲೆ ಆ ನೀರನ್ನು ಮತ್ತೆ ಒರೆಸುತ್ತಾರೆ. ಎರಡನೇ ಆರಾಧನೆ ಮುಗಿದು ಮದುವೆ ಇದ್ದರೆ ಅದೂ ಉಂಟು. ಸೋಮವಾರ ಬೊಜ್ಜದ, ಅಂದರೆ ತೀರಿಹೋದವರ ನೆನಪಿನ, ಪ್ರಾರ್ಥನೆಗೆ ಕುರ್ಚಿ ಹೊರಬೇಕು. ಒಮ್ಮೆ ಅವರ ಕೈ ನೋಡಿದೆ. ಹಗ್ಗ ಎಳೆದು ಎಳೆದು ಅಂಗೈಯಲ್ಲಿ ಅಡ್ಡಕ್ಕೆ ಒಂದು ಗೆರೆ ಬಿದ್ದಿದೆ, ಹಳದಿ ಬಣ್ಣದ್ದು, ಕಲ್ಲಿನ ಹಾಗೆ ಗಟ್ಟಿ. ಇಪ್ಪತ್ತೆರಡು ವರ್ಷದ ಕೆಲಸ ಅದು. ನೇಮಕದ ಕಾಗದ ಇಲ್ಲ, ಪಿಎಫ್ ಇಲ್ಲ. ಅವರು ಕೂತು ಇಡೀ ಪ್ರಸಂಗ ಕೇಳಿದ್ದನ್ನು ನಾನು ಯಾವತ್ತೂ ನೋಡಿಲ್ಲ.

ಬೈಬಲ್ ವುಮನ್ ಎಂದು ನಾವು ಕರೆಯುವ ಅಕ್ಕಂದಿರು ಇನ್ನೊಂದು ಕಥೆ. ಮನೆ ಮನೆಗೆ ಹೋಗುತ್ತಾರೆ, ಊರಿನ ಅಷ್ಟೂ ಕಣ್ಣೀರು ಅವರ ಕಿವಿಗೆ ಬೀಳುತ್ತದೆ, ಕೊಡುವುದು ಗೌರವಧನ. ಇನ್ನು ಅಯ್ಯನವರ ಹೆಂಡತಿ. ಅವರಿಗೆ ಸಂಬಳವೇ ಇಲ್ಲದ ಕೆಲಸ. ಸ್ತ್ರೀಯರ ಸಂಘ ನಡೆಸಬೇಕು, ಹಾಡಬೇಕು, ಬಂದವರಿಗೆ ಚಹಾ ಕೊಡಬೇಕು, ಯಾವ ಸೀರೆ ಉಟ್ಟರೂ ಯಾರಾದರೂ ಒಂದು ಮಾತು ಆಡುತ್ತಾರೆ. ನನ್ನ ಅಮ್ಮ ಅದನ್ನು ಮೂವತ್ತೊಂದು ವರ್ಷ ಮಾಡಿದರು. ಅಪ್ಪ ನಿವೃತ್ತರಾದ ದಿನ ಅವರಿಗೆ ಶಾಲು ಹೊದಿಸಿದರು. ಅಮ್ಮ ಅಡುಗೆಮನೆಯಲ್ಲಿದ್ದರು. ಪಾರ್ಸೊನೇಜಿನ ಬೀಗದಕೈ ಕೊಡಲು ನಮಗೆ ಇದ್ದದ್ದು ಒಂದು ತಿಂಗಳು. ಆಮೇಲೆ ಎಲ್ಲಿಗೆ ಹೋಗುವುದು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ದೇವರ ಸೇವೆ ಅಲ್ವಾ" ಎನ್ನುತ್ತೇವೆ. ಈ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಸಂಬಳ ಕಡಿಮೆಯಾದರೆ ಇದೇ ಮಾತು. ರಜೆ ಕೇಳಿದರೂ ಇದೇ ಮಾತು. ಇದೇ ಮಾತಿನಿಂದ ಬಾಯಿ ಮುಚ್ಚಿಸಿದ ಒಬ್ಬ ಹುಡುಗಿಯನ್ನು ನಾನು ಬಲ್ಲೆ. ಸಂಡೇ ಸ್ಕೂಲ್ ಟೀಚರ್ ಆಗಿದ್ದಳು. ಸಭೆಯಲ್ಲಿ ದೊಡ್ಡ ಮನುಷ್ಯ ಎನಿಸಿಕೊಂಡವರೊಬ್ಬರು ಅವಳ ಜೊತೆ ಕೆಟ್ಟದಾಗಿ ನಡೆದುಕೊಂಡರು. ಅವಳು ಬಂದು ಹೇಳಿದಳು. "ಕ್ಷಮಿಸಿಬಿಡಮ್ಮ, ಸಭೆಯ ಹೆಸರು ಹಾಳಾಗುತ್ತದೆ" ಎಂದರು. ಅವಳು ಕ್ಲಾಸು ಬಿಟ್ಟಳು, ಆಮೇಲೆ ಚರ್ಚೇ ಬಿಟ್ಟಳು. ಎರಡು ವರ್ಷ ನಿದ್ದೆ ಮಾತ್ರೆ ತೆಗೆದುಕೊಂಡಳು. ಅವಳಿಗೆ ವಿಶ್ರಾಂತಿಯ ಬಗ್ಗೆ ಯಾವ ಪ್ರಸಂಗ ಮಾಡುತ್ತೀರಿ? ನ್ಯಾಯ ಸಿಗದ ಮನಸ್ಸು ರಾತ್ರಿ ಮಲಗುವುದಿಲ್ಲ.

ಇಲ್ಲಿ ಕಾನೂನು ಸ್ಪಷ್ಟವಾಗಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಇಲ್ಲದೆ ಸ್ವಯಂಸೇವೆ ಮಾಡುವವರನ್ನೂ ಉದ್ಯೋಗಿ ಎಂದೇ ಎಣಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಒಳ ಸಮಿತಿ ಇರಬೇಕು, ಅಧ್ಯಕ್ಷರು ಮಹಿಳೆಯಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಬೇಕೇ ಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಆ ಹುಡುಗಿಗೆ ಇದನ್ನು ಯಾರೂ ಹೇಳಲಿಲ್ಲ. ಸಮಿತಿಯ ಸದಸ್ಯರ ಹೆಸರು ನಿಮ್ಮ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಉಂಟಾ? ಈ ಆದಿತ್ಯವಾರ ಹೋದಾಗ ಒಮ್ಮೆ ನೋಡಿ.

ಈಗ ಮನಸ್ಸಿನ ಮಾತು. ಅಯ್ಯನವರಿಗೆ ಬಂದದ್ದು ಏನು? ಕೆಲಸದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿ ಹೇಳಿತು. ಶಕ್ತಿ ಪೂರ್ತಿ ಸೋರಿಹೋಗುವುದು, ಮಾಡುತ್ತಿರುವ ಕೆಲಸದಿಂದಲೇ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಅದನ್ನು ರೋಗ ಎನ್ನದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದಿತು. ಹಾಗಾದರೆ ಮದ್ದು ಬೇಕಾದದ್ದು ಕೆಲಸಕ್ಕೂ ಹೌದು. ಅದನ್ನು ಹಾಗೇ ಬಿಟ್ಟರೆ ಮುಂದೆ ಖಿನ್ನತೆಯೂ ಬರಬಹುದು. ನಮ್ಮ ಅಯ್ಯನವರಿಗೆ ಬಂದಿತ್ತು.

ಅವರೊಬ್ಬರೇ ಅಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದಿತು. ಮುನ್ನೂರು ದೊಡ್ಡವರು ಕೂರುವ ಚರ್ಚಿನಲ್ಲಿ ಇದೇ ಲೆಕ್ಕ ಹಿಡಿದರೆ ಸುಮಾರು ಮೂವತ್ತೆರಡು ಜನ. ಅವರ ಪೈಕಿ ಒಬ್ಬರು ಬಲಿಪೀಠದ ಹಿಂದೆ ನಿಂತಿರಬಹುದು. ಅವರೇ ಎದ್ದು ನಿಂತು "ನನಗೆ ಹೀಗಾಗಿದೆ, ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ" ಎಂದರೆ ಉಳಿದ ಮೂವತ್ತೊಂದು ಜನಕ್ಕೂ ಬಾಗಿಲು ತೆರೆಯುತ್ತದೆ. ನಾವು ಬೆನ್ನುನೋವು ಎಂದು ಹೇಳಿ ಅದನ್ನು ಮುಚ್ಚಿದೆವು.

ನಮ್ಮ ಊರಲ್ಲಿ ಡಾಕ್ಟರ್ ಇಲ್ಲ ಎನ್ನುವ ಹಾಗಿಲ್ಲ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ, ವೆನ್ಲಾಕ್, ಮಣಿಪಾಲ, ಎಲ್ಲ ಹತ್ತಿರವೇ. ಸಮಾಜಕಾರ್ಯ ಕಲಿಸುವ ರೋಶನಿ ನಿಲಯ 1960ರಿಂದ ಇಲ್ಲಿದೆ. ಕಷ್ಟ ಇರುವುದು ಬೇರೆ ಕಡೆ. ಮಂಗಳೂರಿನಲ್ಲಿ ಯಾವ ಆಸ್ಪತ್ರೆಯ ಒಪಿಡಿಗೆ ಹೋದರೂ ಅಲ್ಲಿ ನಮ್ಮ ಸಭೆಯ ಒಬ್ಬರು ನರ್ಸ್ ಇರುತ್ತಾರೆ, ಇಲ್ಲದಿದ್ದರೆ ಕೌಂಟರಿನಲ್ಲಿ ಯಾರದೋ ಸೊಸೆ ಇರುತ್ತಾಳೆ. ಅಯ್ಯನವರು ಮಾನಸಿಕ ವಿಭಾಗದ ಬೆಂಚಿನಲ್ಲಿ ಹೇಗೆ ಕೂರುವುದು? ನಮ್ಮ ಅಯ್ಯನವರು ಕೊನೆಗೆ ಬಸ್ಸು ಹತ್ತಿ ಬೇರೆ ಜಿಲ್ಲೆಗೆ ಹೋದರು. ಆರು ಗಂಟೆಯ ದಾರಿ. ಪ್ರತಿ ಸಲ.

ಆದ್ದರಿಂದ ಬಿಷಪರಲ್ಲಿ ನನ್ನ ವಿನಂತಿ: ಸೇವಕರಿಗೂ ಅವರ ಮನೆಯವರಿಗೂ ಸಭೆಯ ಹೊರಗಿನ ಆಪ್ತಸಮಾಲೋಚಕರನ್ನು ಗೊತ್ತುಮಾಡಿ. ಅವರು ಬಿಷಪರಿಗಾಗಲೀ ಸಮಿತಿಗಾಗಲೀ ವರದಿ ಕೊಡಬಾರದು. ಬಿಲ್ಲು ಮಾತ್ರ ಬರಲಿ, ಹೆಸರಿಲ್ಲದೆ. ವರ್ಗಾವಣೆ ನಿಮ್ಮ ಕೈಯಲ್ಲೇ ಇರುವಾಗ ನಿಮ್ಮ ಮುಂದೆಯೇ ಮನಸ್ಸು ಬಿಚ್ಚಿ ಎಂದು ಪಾಸ್ಟರಿಗೆ ಹೇಳಿದರೆ ಅವರು ಹೇಗೆ ಬಿಚ್ಚಿಯಾರು? ನಿಮ್ಮ ಪ್ರೀತಿಯ ಮೇಲೆ ನನಗೆ ಸಂಶಯ ಇಲ್ಲ. ಆದರೆ ಕೆಲಸ ಕೊಡುವವರೇ ಗುಟ್ಟು ಕೇಳುವವರೂ ಆಗಲು ಆಗುವುದಿಲ್ಲ. ಆರೋಗ್ಯ ವಿಮೆ ಮಾಡಿಸಿದ್ದರೆ ಆ ಕಾಗದ ತೆಗೆದು ಓದಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈಯ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಇನ್ನು, ಇವತ್ತೇ ರಾತ್ರಿ ಯಾರಿಗಾದರೂ ತಡೆಯಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ. ದಿನದ 24 ಗಂಟೆ, ಕನ್ನಡದಲ್ಲಿ, ಉಚಿತ. ಈ ನಂಬರನ್ನು ಚರ್ಚಿನ ಬುಲೆಟಿನ್ನಿನ ಕೊನೆಯ ಸಾಲಿನಲ್ಲಿ ಪ್ರತಿ ವಾರ ಹಾಕಲು ಒಂದು ರೂಪಾಯಿಯೂ ಖರ್ಚಿಲ್ಲ.

ಪ್ರಾರ್ಥನೆ ಸಾಲದಾ ಎಂದು ಕೇಳುವವರು ಇದ್ದಾರೆ. ನಾನು ದಿನವೂ ಪ್ರಾರ್ಥನೆ ಮಾಡುವವಳು, ಅದನ್ನು ಬಿಟ್ಟು ಬದುಕಲು ನನಗೆ ಬರುವುದಿಲ್ಲ. ಬೈಬಲಿನ ಎಲೀಯನ ಕಥೆ ನೋಡಿ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ. ಸ್ವಲ್ಪ ದಿನದಲ್ಲೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮಲಗಲು ಬಿಟ್ಟ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ದೇವರು ಅವನನ್ನು ಪ್ರಶ್ನೆ ಕೇಳಿದ್ದು ನಲವತ್ತು ದಿನದ ದಾರಿಯಾದ ಮೇಲೆ. ಅಷ್ಟಾದ ಮೇಲೆ ಜೊತೆಗೆ ಎಲೀಷನನ್ನು ಕೊಟ್ಟ, ಒಬ್ಬನೇ ಮಾಡು ಎನ್ನಲಿಲ್ಲ.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರು ಮಾಡಿದರು. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಹೆರಿಗೆಯಲ್ಲಿ ಒದ್ದಾಡುವ ಹೆಂಗಸಿಗೆ ಸುಮ್ನೆ ಪ್ರಾರ್ಥನೆ ಮಾಡು ಎಂದು ಅವರು ಹೇಳಲಿಲ್ಲ. ಮೈಗೆ ಆಸ್ಪತ್ರೆ ಕಟ್ಟಿದ ಸಭೆ ಮನಸ್ಸಿಗೆ ಮಾತ್ರ ಯಾಕೆ ಬೇರೆ ಲೆಕ್ಕ ಇಡಬೇಕು?

ವಾರದ ರಜೆಯ ಬಗ್ಗೆ "ಆಗುವ ಮಾತಲ್ಲ" ಎನ್ನುತ್ತಾರೆ. ಕ್ಯಾಥೊಲಿಕ್ ಸಭೆಯ 1983ರ ನಿಯಮಸಂಹಿತೆಯ 533ನೇ ನಿಯಮ ಧರ್ಮಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಕೊಡುತ್ತದೆ, ಧ್ಯಾನಕೂಟದ ದಿನಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಬರೆದದ್ದು ಉಂಟು. ತೆಗೆದುಕೊಳ್ಳಲು ಬಿಡುತ್ತೇವಾ ಎನ್ನುವುದು ನಮ್ಮ ಕೈಯಲ್ಲಿದೆ. ಉಳಿದ ಸಭೆಗಳಲ್ಲೂ ಹಾಗೇ ಬರೆದಿಡಿ. ಒಬ್ಬರೇ ಪಾಸ್ಟರ್ ಮೂರು ಚರ್ಚು ನೋಡಿಕೊಂಡು ಮಳೆಯಲ್ಲಿ ಸ್ಕೂಟರಿನಲ್ಲಿ ಓಡಾಡುವ ಹಳ್ಳಿಗಳಲ್ಲಿ ಇದು ಕಷ್ಟ, ಒಪ್ಪುತ್ತೇನೆ. ಅಲ್ಲಿಗೇ ಮೊದಲು ನಿವೃತ್ತ ಅಯ್ಯನವರನ್ನು ಕಳಿಸಿ, ಗಾಡಿಯ ಖರ್ಚು ಪಟ್ಟಣದ ದೊಡ್ಡ ಸಭೆಗಳು ಕೊಡಲಿ. ಬೆಳೆ ಹಬ್ಬದ ಏಲಂನಲ್ಲಿ ಒಂದು ಹಲಸಿನಹಣ್ಣಿಗೆ ನಾವು ಎಷ್ಟು ಕೂಗುತ್ತೇವೆ ಎಂದು ನಮಗೇ ಗೊತ್ತು.

ಕಾರ್ಯದರ್ಶಿಗಳೇ, ಕೊನೆಗೆ ನಿಮ್ಮಲ್ಲಿ ಒಂದು ಮಾತು. ನಿಮ್ಮ ಹತ್ತಿರವೂ ಒಂದು ನೋಟ್‌ಬುಕ್ ಇರುತ್ತದೆ. ಸೋಮವಾರದ ಸಾಲಿನಲ್ಲಿ ಅಡ್ಡಗೆರೆ ಎಳೆಯಿರಿ. ಗಂಟೆ ಬಾರಿಸುವವರಿಗೆ ಬೇರೊಂದು ದಿನ ಗೊತ್ತುಮಾಡಿ, ಅದಕ್ಕೂ ಗೆರೆ ಎಳೆಯಿರಿ. ಸೋಮವಾರ ಸಾವಾದರೆ ಬರಲು ಆಗುತ್ತದಾ ಎಂದು ಪಕ್ಕದ ಸಭೆಯ ಅಯ್ಯನವರನ್ನು ಈ ವಾರವೇ ಕೇಳಿಡಿ, ಅವರ ರಜೆಯ ದಿನ ನಿಮ್ಮವರು ಹೋಗಲಿ. ಯಾರಾದರೂ ಫೋನ್ ಮಾಡಿ "ಬರೀ ಹತ್ತು ನಿಮಿಷದ ಪ್ರಾರ್ಥನೆ, ಅಯ್ಯನವರನ್ನು ಕಳಿಸಿ" ಎಂದರೆ, ಮಂಗಳವಾರ ಬರುತ್ತಾರೆ ಎಂದು ನೀವೇ ಹೇಳಿ. ಬೈಯುತ್ತಾರೆ. ಬೈಸಿಕೊಳ್ಳಿ. ನಾನು ಆರು ವರ್ಷದಲ್ಲಿ ಒಮ್ಮೆಯೂ ಅದನ್ನು ಮಾಡಲಿಲ್ಲ.

ಇತಿ,
ನಿಮ್ಮ ಸಹೋದರಿ,
ಸಭೆಯ ಒಬ್ಬ ಸದಸ್ಯೆ
ಮಂಗಳೂರು